ನೆಂಟರಿಗೆ ತೆಗೆದಿಟ್ಟ ಇಪ್ಪತ್ತು ರೈಫಲ್

ನಮ್ಮ ಕಾರ್ಖಾನೆಯಲ್ಲಿ ರೈಫಲ್ ತಪಾಸಣೆ ಮಾಡುವ ಹನ್ನೊಂದು ಹೆಂಗಸರಿಗೂ ಒಂದೊಂದು ಪಂಚ್ ಕೊಟ್ಟಿರುತ್ತಾರೆ. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಎಳ್ಳುಕಾಳಿನಷ್ಟು ಒಂದು ಗುರುತು. ಒಬ್ಬಳದು ನಕ್ಷತ್ರ, ಒಬ್ಬಳದು ಎಲೆ, ಮತ್ತೊಬ್ಬಳದು ಬರೀ ಎರಡು ಗೀರು. ನನ್ನದು ಅರ್ಧಚಂದ್ರ. ರೈಫಲ್ ನೋಡಿ ಒಪ್ಪಿದ ಮೇಲೆ ನಳಿಗೆಯ ಬುಡದಲ್ಲಿ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ಕೈ ಅಳುಕಿ ಎರಡನೇ ಏಟು ಹಾಕಿದರೆ ಗುರುತು ಜೋಡಿಯಾಗಿ ಮಸುಕಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಎರಡನೇ ಏಟು ಹಾಕಿದ್ದು ನೆನಪಿಲ್ಲ.

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಪಂಚ್ ಮರೆತು ನನ್ನ ಜೇಬಿನಲ್ಲೇ ಮನೆಗೆ ಬಂದುಬಿಟ್ಟಿತ್ತು. ಅವಳ ಕಣ್ಣಿಗೆ ಬಿದ್ದ ಮೇಲೆ ಕೇಳಬೇಕೆ. ನನಗೂ ಒಂದು ಹೊಡಿ, ನನಗೂ ಒಂದು ಹೊಡಿ ಎಂದು ಬೆನ್ನು ಹತ್ತಿದಳು. ಅವಳ ಊಟದ ಡಬ್ಬಿಯ ಮುಚ್ಚಳದ ಮೇಲೆ ಒಂದು ಅರ್ಧಚಂದ್ರ ಹೊಡೆದುಕೊಟ್ಟೆ. "ಇದು ನಮ್ಮಮ್ಮ ಪಾಸ್ ಮಾಡಿದ ಡಬ್ಬಿ" ಎಂದು ಶಾಲೆಯಲ್ಲೆಲ್ಲ ಮೆರೆದಳಂತೆ. ಡಬ್ಬಿಗೆ ತೂತು ಬೀಳುವವರೆಗೂ ಅದನ್ನು ಬಿಡಲಿಲ್ಲ.

ಅವಳನ್ನು ನಾವು ಕರೆಯುವುದು ಗುಬ್ಬಿ ಅಂತ. ಆ ಗುಬ್ಬಿ ಇಪ್ಪತ್ತೊಂದು ತುಂಬಿದ್ದೇ ಸೈನ್ಯಕ್ಕೆ ಸೇರಿದಳು. ಅದೂ ಕಚೇರಿ ಕೆಲಸ ಅಲ್ಲ, ಆಸ್ಪತ್ರೆಯೂ ಅಲ್ಲ, ಹೆಗಲಿಗೆ ಬಂದೂಕು ಹಾಕಿಕೊಂಡು ನಡೆಯುವ ಕಾಲ್ದಳ. ನಮ್ಮ ಅತ್ತೆ ಎರಡು ದಿನ ಮಾತು ಬಿಟ್ಟರು. ನಾನು ಮಾತ್ರ ಧೈರ್ಯವಾಗಿದ್ದೆ. ರೈಲು ಹತ್ತಿಸುವಾಗ ಅವಳ ಕಾಲರು ಸರಿ ಮಾಡುತ್ತಾ ಹೇಳಿದೆ: "ನಿನ್ನ ಕೈಗೆ ಬರೋದು ನಾವು ನೋಡಿ ಕಳಿಸಿದ ಬಂದೂಕು ಪುಟ್ಟಿ. ಅದು ಕೈ ಕೊಡಲ್ಲ."

ಎರಡು ವರ್ಷ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವಳ ಫೋನ್ ಬಂತು.

"ಅಮ್ಮ, ಮನೇಲಿ ಯಾರಿದ್ದಾರೆ?"

"ಅಜ್ಜಿ ಇದ್ದಾರೆ. ಅಪ್ಪ ಬಸ್ಸಿನ ಡ್ಯೂಟಿಗೆ ಹೋಗಿದ್ದಾರೆ. ಯಾಕೆ?"

"ಸ್ಪೀಕರ್ ಹಾಕ್ಬೇಡ. ಅಜ್ಜಿಗೆ ಕೇಳಿಸೋದು ಬೇಡ."

ಕಾಲು ಮುರಿದುಕೊಂಡಿದ್ದಾಳೆ ಎಂದುಕೊಂಡೆ. ಮುರಿದದ್ದು ಬೇರೆಯವರ ಕಾಲು. ಎಂಟು ದಿನದ ಹಿಂದೆ ಗಡಿಯ ಕಾವಲು ಗೋಡೆಯ ಹತ್ತಿರ ಇವಳೂ ಇವಳ ಜೊತೆಗಾರನೂ ಪಹರೆಯಲ್ಲಿದ್ದರಂತೆ. ಆ ಹುಡುಗನಿಗೆ ಇವರೆಲ್ಲ ಉದ್ದಣ್ಣ ಎನ್ನುತ್ತಾರೆ, ಬಾಗಿಲಿಗೆ ಬಗ್ಗದೆ ಬರಲಾರ. ಎದುರಿನಿಂದ ಗುಂಡು ಬಂತು. ಇವಳು ಒಂದೇ ಸಮನೆ ಮೂವತ್ತು ಸುತ್ತು ಹೊಡೆದಳು. ಕೊನೆಯದರ ಖಾಲಿ ತೋಟಾ ಹೊರಗೆ ಹಾರಬೇಕಿತ್ತು, ಹಾರಲಿಲ್ಲ. ಗುಂಡು ಕೂರುವ ಗೂಡಿನೊಳಗೆ ಕಚ್ಚಿಕೊಂಡು ಕೂತಿತು. ಇವಳು ಗೂಡಿನ ಬಾಯಿ ತೆರೆಯುವ ಬೋಲ್ಟ್ ಎಳೆದಳು, ಬೂಟಿನಲ್ಲಿ ಒದ್ದಳು, ಉಗುರಿನಿಂದ ಕಿತ್ತಳು. ಬರಲಿಲ್ಲ. ಇವಳ ಪರದಾಟ ನೋಡಿ ಉದ್ದಣ್ಣ ಇವಳಿಗೆ ಅಡ್ಡವಾಗಿ ಎದ್ದು ನಿಂತ, ಗುಂಡು ಅವನ ಕಾಲಿಗೆ ಬಿತ್ತು.

"ಕಾಲು ತೆಗೆದ್ರು ಅಮ್ಮ. ಮಂಡಿ ಮೇಲಿಂದ."

ನನ್ನ ಕೈಯಲ್ಲಿದ್ದ ಸೊಪ್ಪಿನ ದಂಟು ಹಾಗೇ ಉಳಿಯಿತು.

"ಈಗ ನನ್ನ ಮೇಲೆ ವಿಚಾರಣೆ. ಸೋಮವಾರ ಬಿಟ್ಟು ಬರೋ ಸೋಮವಾರ. ಬಂದೂಕು ಒರೆಸದೆ ಇಟ್ಕೊಂಡಿದ್ದೆ, ಅದಕ್ಕೇ ಹೀಗಾಯ್ತು ಅಂತ ಬರೆದಿದ್ದಾರೆ. ಸಾಬೀತಾದ್ರೆ ಜೈಲು, ಆಮೇಲೆ ಮನೆಗೆ."

ಆಗ ನಾನೊಂದು ಕೇಳಬಾರದ್ದು ಕೇಳಿದೆ. ಬಾಯಿಂದ ತಾನಾಗಿ ಬಂತು. "ಒರೆಸಿರ್ಲಿಲ್ವಾ ಪುಟ್ಟಿ?"

"ನೀನೂ ಅದೇ ಕೇಳ್ತೀಯಾ?" ಎಂದಳು.

"ಇಲ್ಲ ಪುಟ್ಟಿ, ನಾನು..."

"ದಿನಕ್ಕೆರಡು ಸಲ ಒರೆಸ್ತೀನಮ್ಮ. ಹಲ್ಲುಜ್ಜೋದು ಮರೆತ್ರೂ ಅದನ್ನ ಮರೆಯಲ್ಲ. ಇನ್ನೊಂದು ವಿಷಯ ಹೇಳ್ತೀನಿ, ಬೈಬೇಡ. ಅದರ ಮೇಲೆ ನಿನ್ನ ಚಂದ್ರ ಇತ್ತು. ಕೈಗೆ ಕೊಟ್ಟ ದಿನಾನೇ ನೋಡಿ ಎಲ್ರಿಗೂ ತೋರಿಸ್ಕೊಂಡು ಬಂದಿದ್ದೆ. ಸ್ವಲ್ಪ ಮಸುಕಾಗಿತ್ತು. ಒಂದರ ಮೇಲೊಂದು ಎರಡು ಚಂದ್ರ ಕೂತ ಹಾಗೆ."

"ನಂಬರ್ ಹೇಳು" ಎಂದೆ.

ಬಂದೂಕಿನ ನಂಬರಿನ ಮೊದಲ ಎರಡು ಅಕ್ಷರದಲ್ಲಿ ಅದನ್ನು ಜೋಡಿಸಿದ ತಿಂಗಳು ಇರುತ್ತದೆ. ಅವಳು ಆ ಎರಡು ಅಕ್ಷರ ಹೇಳಿದ್ದೇ ನನಗೆ ಎಲ್ಲ ತಿಳಿಯಿತು. ಆ ತಿಂಗಳ ಮೂರು ವಾರ ನಾನು ತಪಾಸಣೆಯ ಬೆಂಚಿನಲ್ಲಿ ಇರಲೇ ಇಲ್ಲ. ಹಿಂದಿನ ಕೋಣೆಯಲ್ಲಿ ನೆಂಟರ ಲೋಟ ತೊಳೆಯುತ್ತಿದ್ದೆ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಸೈನ್ಯದ ರೈಫಲ್ ಹಳೆಯದು, ಅದನ್ನು ಬದಲಾಯಿಸಬೇಕು ಎಂದು ಕೆಲವರು ಬಹಳ ವರ್ಷದಿಂದ ಕೂಗುತ್ತಿದ್ದಾರೆ. ಬೇಡ, ನಮ್ಮದೇ ಸಾಕು ಎಂದು ಇನ್ನು ಕೆಲವರು. ಜಗಳ ಜೋರಾದಾಗಲೆಲ್ಲ ಒಂದು ಸಮಿತಿ ಕೂರುತ್ತದೆ, ನಮ್ಮ ರೈಫಲ್ಲನ್ನೂ ಹೊರದೇಶದ ಒಂದನ್ನೂ ಪಕ್ಕಪಕ್ಕದಲ್ಲಿಟ್ಟು ಮರಳಲ್ಲಿ, ಕೆಸರಲ್ಲಿ, ನೀರಲ್ಲಿ ಅದ್ದಿ ಸಾವಿರಾರು ಸುತ್ತು ಹೊಡೆದು ನೋಡುತ್ತದೆ. ಆ ಪರೀಕ್ಷೆಗೆ ಕಾರ್ಖಾನೆಯಿಂದ ಇಪ್ಪತ್ತು ರೈಫಲ್ ಹೋಗಬೇಕು. ಸಾಲಿನಿಂದ ಬಂದ ಹಾಗೆ ಯಾವುದಾದರೂ ಇಪ್ಪತ್ತು ಎಂದು ಕಾಗದ ಹೇಳುತ್ತದೆ. ಹಾಗೆ ಕಳಿಸಲು ನಮಗೇನು ತಲೆ ಕೆಟ್ಟಿದೆಯೇ? ಹಿಂದಿನ ಕೋಣೆಯಲ್ಲಿ ಮೂರು ವಾರ ಕೂತು ನೂರಾರು ನಳಿಗೆ, ನೂರಾರು ಬೋಲ್ಟ್, ನೂರಾರು ಸ್ಪ್ರಿಂಗುಗಳಲ್ಲಿ ಒಂದಕ್ಕೊಂದು ಒಪ್ಪುವುದನ್ನು ಕೈಯಾರೆ ಆರಿಸಿ ಜೋಡಿಸುತ್ತೇವೆ. ಮನೆಗೆ ನೆಂಟರು ಬಂದಾಗ ಕಪಾಟಿನಿಂದ ಒಳ್ಳೆಯ ಲೋಟ ತೆಗೆಯುವುದಿಲ್ಲವೇ, ಹಾಗೆ. ಕಾರ್ಖಾನೆಯಲ್ಲಿ ಎಲ್ಲರೂ ಅವನ್ನು ನೆಂಟರ ಲೋಟ ಎಂದೇ ಕರೆಯುವುದು.

ಎರಡು ವರ್ಷದ ಹಿಂದಿನ ಪರೀಕ್ಷೆಗೆ ಆ ಇಪ್ಪತ್ತನ್ನು ಆರಿಸಿದವಳು ನಾನು. ನನ್ನ ಬೆರಳಿಗೆ ಆ ಕೆಲಸ ಬರುತ್ತದೆ. ಹೊರದೇಶದ ರೈಫಲ್ ನಾಲ್ಕು ಸಲ ನಿಂತಿತು, ನಮ್ಮದು ಒಂದು ಸಲವೂ ನಿಲ್ಲಲಿಲ್ಲ. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು. ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ, ಮಗಳಿಗೆ ಕಳಿಸಿದೆ. ಅವಳು ಆಗ ತರಬೇತಿಯಲ್ಲಿದ್ದಳು.

ಆ ಮೂರು ವಾರ ನನ್ನ ಪಂಚ್ ಎಲ್ಲಿತ್ತು? ನಿಯಮದ ಪ್ರಕಾರ ಸ್ಟೋರಿನಲ್ಲಿ ಬೀಗದೊಳಗೆ ಇರಬೇಕು. ಆದರೆ ನಮ್ಮ ಪಾಳಿ ಏಳಕ್ಕೆ ಶುರು, ಸ್ಟೋರಿನವನು ಬಾಗಿಲು ತೆಗೆಯುವುದು ಹತ್ತಕ್ಕೆ. ಹಾಗಾಗಿ ಹನ್ನೊಂದು ಜನರೂ ಪಂಚನ್ನು ಬೆಂಚಿನ ಮೇಲಿನ ಕೊಕ್ಕೆಗೇ ನೇತುಹಾಕುತ್ತೇವೆ. ಮನೆಯ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ಹಾಕಿದ ಹಾಗೆ. ನಮ್ಮನಮ್ಮಲ್ಲಿ ಏನು ಕಳ್ಳತನ?

ಸೋಮವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಬೆಂಚಿನ ಮುಂದೆ ನಿಂತೆ. ಕೊಕ್ಕೆಯಲ್ಲಿ ನನ್ನ ಪಂಚ್ ಏನೂ ತಿಳಿಯದ ಹಾಗೆ ನೇತಾಡುತ್ತಿತ್ತು.

ನಮ್ಮ ಸೂಪರ್‌ವೈಸರ್‌ಗೆ ಹೆಂಗಸರು ಇಟ್ಟ ಹೆಸರು ಆಗ್ಲಿಬಿಡಪ್ಪ. ಬಲ್ಬು ಹೋಗಿದೆ ಎಂದರೂ "ಆಗ್ಲಿ ಬಿಡಿ", ಯಂತ್ರ ಅದುರುತ್ತಿದೆ ಎಂದರೂ "ಆಗ್ಲಿ ಬಿಡಿ". ಅವತ್ತು ಅವರೇ ನಗುತ್ತಾ ಬಂದರು.

"ನಿಮ್ಮನ್ನೇ ಹುಡುಕ್ತಿದ್ದೆ. ಮತ್ತೆ ಸಮಿತಿ ಕೂತಿದೆ. ಈ ಸಲ ಅವರೇ ಬಂದು ಪೆಟ್ಟಿಗೆಗೆ ಸೀಲ್ ಹಾಕ್ತಾರಂತೆ, ಗುರುವಾರ. ನೀವು ಹಿಂದಿನ ಕೋಣೆಗೆ ಹೋಗಿ. ಭಾಗ ಎಲ್ಲ ಮೊದಲೇ ಆರಿಸಿಟ್ಟಿದ್ದೀವಿ, ಮೂರು ದಿನ ಸಾಕು ನಿಮ್ಮ ಕೈಗೆ."

"ಹೋದ ಸಲ ನಾನು ಒಳಗಿದ್ದಾಗ ನನ್ನ ಪಂಚ್ ಯಾರ ಕೈಲಿತ್ತು ಸಾರ್?"

ನಗು ಹಾಗೇ ಇತ್ತು, ಕಣ್ಣು ಮಾತ್ರ ಪಕ್ಕಕ್ಕೆ ಹೋಯಿತು. "ಕೊಕ್ಕೆಲಿತ್ತು. ಇನ್ನೆಲ್ಲಿರುತ್ತೆ?"

"ನನ್ನ ಗುರುತು ಬಿದ್ದಿರೋ ಬಂದೂಕು ಹೊರಗೆ ಹೋಗಿದೆ. ಜೋಡಿ ಏಟು."

"ತಿಂಗಳ ಕೊನೆ ಅಮ್ಮ. ಸಂಖ್ಯೆ ತುಂಬಬೇಕಿತ್ತು. ನೀವೊಬ್ಬರು ಇಲ್ಲ ಅಂದ್ರೆ ದಿನಕ್ಕೆ ನಲವತ್ತು ಕಡಿಮೆ. ಗೇಜು ಹಾಕಿ ನೋಡಿದ್ದಾರಲ್ಲ, ಅಳತೆ ಸರಿ ಇತ್ತು. ಆಗ್ಲಿ ಬಿಡಿ."

ಗೇಜು ಅಳತೆ ಹೇಳುತ್ತದೆಯೇ ಹೊರತು ನುಣುಪು ಹೇಳುವುದಿಲ್ಲ. ಇದು ಅವರಿಗೆ ಗೊತ್ತು. ಗೂಡು ಕೊರೆಯುವ ರೀಮರನ್ನು ನೂರು ನಳಿಗೆಗೊಮ್ಮೆ ಬದಲಾಯಿಸುತ್ತಿದ್ದ ಕಾಲ ಇತ್ತು. ಈಗ ಅದು ಮೊಂಡಾಗಿ ಕಿರುಚುವವರೆಗೆ ಓಡಿಸುತ್ತಾರೆ, ಒಳಗೋಡೆಯಲ್ಲಿ ಗೀರು ಉಳಿಯುತ್ತದೆ. ಕಣ್ಣಿಗೆ ಕಾಣದ ಗೀರು. ತಣ್ಣಗಿರುವಾಗ ಒಂದು ಗುಂಡು ಹೊಡೆದು ನೋಡಿದರೆ ಎಲ್ಲ ಚೆನ್ನ. ನಳಿಗೆ ಕಾದ ಮೇಲೆ ಖಾಲಿ ತೋಟಾ ಉಬ್ಬಿ ಆ ಗೀರಿಗೆ ಕಚ್ಚಿಕೊಳ್ಳುತ್ತದೆ.

ಅದನ್ನು ಹಿಡಿಯುವುದು ಪುಸ್ತಕದಲ್ಲಿಲ್ಲ. ನನಗೆ ಕಲಿಸಿದ್ದು ಪಕ್ಕದ ಬೆಂಚಿನ ಅಕ್ಕ. ಒಂದು ಕಡ್ಡಿಗೆ ಹತ್ತಿ ಸುತ್ತಿ ಗೂಡಿನೊಳಗೆ ಬಿಟ್ಟು ಅರ್ಧ ಸುತ್ತು ತಿರುಗಿಸಿ ತೆಗೆಯಬೇಕು. ಒಳಗೆ ನುಣುಪಾಗಿದ್ದರೆ ಹತ್ತಿ ಹೋದ ಹಾಗೇ ಬರುತ್ತದೆ. ಗೀರಿದ್ದರೆ ಎಳೆ ಕಿತ್ತುಕೊಂಡು ಒಳಗೇ ಉಳಿಯುತ್ತದೆ. ಅದಕ್ಕೇ ಅವರಿಗೆ ಹತ್ತಿಯಕ್ಕ ಅಂತ ಹೆಸರು. ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಎರಡು ಮೂರು ವರ್ಷದಿಂದ ಕೈ ಸ್ವಲ್ಪ ನಡುಗುತ್ತದೆ.

ಕೈ ನಡುಗುತ್ತದೆ. ಅದು ತಲೆಗೆ ಹೊಳೆದ ಕ್ಷಣ ನಾನು ಅವರ ಕಡೆ ತಿರುಗಿದೆ. ಅವರು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ನಾನೇ ಕಣೇ" ಎಂದರು. "ನೀನು ಇಲ್ಲ, ನಿನ್ನ ಪಾಲಿನ ನಲವತ್ತನ್ನೂ ನಾನೇ ಹೊಡೀಬೇಕು ಅಂದ ಆ ಆಗ್ಲಿಬಿಡಪ್ಪ. ನನ್ನ ನಲವತ್ತು ನೋಡೋದ್ರಲ್ಲೇ ಹೊತ್ತು ಮುಗಿದಿರ್ತಿತ್ತು. ನಿನ್ನವಕ್ಕೆ ಬರೀ ಗುರುತು ಹೊಡೆದೆ."

"ಹತ್ತಿ ಹಾಕ್ದೇನೇ?"

"ಹಾಕ್ದೇನೇ."

"ಎಷ್ಟು ದಿನ?"

"ಮೂರು ವಾರ."

ಭಾನುವಾರ ಬಿಟ್ಟರೆ ಹದಿನೆಂಟು ದಿನ, ಏಳು ನೂರ ಇಪ್ಪತ್ತು ಬಂದೂಕು. ಏಳು ನೂರ ಇಪ್ಪತ್ತು ತಾಯಂದಿರ ಮಕ್ಕಳ ಹೆಗಲಿಗೆ ನನ್ನ ಚಂದ್ರ. ಇಪ್ಪತ್ತನ್ನು ನೆಂಟರಿಗೆಂದು ನಾನು ಒಳಗೆ ಕೂತು ಹೊಳೆಸುತ್ತಿದ್ದೆ, ಹೊರಗೆ ನನ್ನ ಹೆಸರಿನಲ್ಲಿ ಮನೆಯ ಮಕ್ಕಳಿಗೆ ಒಡಕು ಲೋಟ ಹಂಚುತ್ತಿದ್ದರು.

"ಅದರಲ್ಲಿ ಒಂದು ನನ್ನ ಗುಬ್ಬಿ ಕೈಗೆ ಹೋಗಿದೆ ಅಕ್ಕ" ಎಂದೆ. ಉಳಿದದ್ದನ್ನೂ ಹೇಳಿದೆ. ಜೋರಾಗಿ ಹೇಳಲಿಲ್ಲ. ಹತ್ತಿಯಕ್ಕ ಮುಖ ಮುಚ್ಚಿಕೊಂಡರು. ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು ನಾನು, ಅವತ್ತು ಅವರ ಪಕ್ಕದಿಂದ ಎದ್ದು ಹೋದೆ.

ಆಗ್ಲಿಬಿಡಪ್ಪ ನನ್ನ ಹಿಂದೆಯೇ ಬಂದರು. ಧ್ವನಿ ತಗ್ಗಿಸಿ, "ನೋಡಮ್ಮ, ಮಗಳ ವಿಷಯ ಕೇಳಿ ಬೇಜಾರಾಯ್ತು. ಆದ್ರೆ ಬಾಯಿ ಬಿಟ್ರೆ ಏನಾಗುತ್ತೆ ಯೋಚನೆ ಮಾಡಿ. ರೈಫಲ್ ಕೆಟ್ಟದ್ದು ಅಂತ ಬರೀತಾರೆ. ಹೊರಗಿಂದ ತರಿಸ್ತಾರೆ. ಇಲ್ಲಿರೋ ಎರಡು ಸಾವಿರ ಜನ ಬೀದಿಗೆ. ನಿಮ್ಮ ಒಬ್ಬ ಮಗಳಿಗೋಸ್ಕರ."

"ರೈಫಲ್ ಕೆಟ್ಟದ್ದಲ್ಲ ಸಾರ್. ನಾವು ಕೆಟ್ಟಿದ್ದೀವಿ."

"ಆ ವ್ಯತ್ಯಾಸ ಪೇಪರಿನವರಿಗೆ ಗೊತ್ತಾಗುತ್ತಾ?"

ಗೊತ್ತಾಗುವುದಿಲ್ಲ. ಅದು ನಿಜ. ಅದೇ ನನ್ನನ್ನು ಇನ್ನಷ್ಟು ಸಿಟ್ಟಿಗೆಬ್ಬಿಸಿತು.

ಸಂಜೆ ಮನೆಗೆ ಬಂದರೆ ಟೀವಿಯಲ್ಲಿ ಅದೇ ರಾಮಾಯಣ. ಟೈ ಕಟ್ಟಿಕೊಂಡ ಇಬ್ಬರು ರೈಫಲ್ ಬದಲಾಯಿಸಬೇಕೋ ಬೇಡವೋ ಎಂದು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು. ತೂಕವಂತೆ, ದೂರವಂತೆ, ದೇಶದ ಹೆಮ್ಮೆಯಂತೆ. ಅತ್ತೆ ಒಂದು ಕಿವಿ ಕೇಳದಿದ್ದರೂ ಇನ್ನೊಂದನ್ನು ಟೀವಿಗೆ ಒಡ್ಡಿಕೊಂಡು ಕೂತಿದ್ದರು.

"ಇವರಿಬ್ರೂ ಒಂದು ದಿನವಾದ್ರೂ ಅದನ್ನ ಹೊತ್ತಿದ್ದಾರೇನೇ?"

"ಇಲ್ಲ ಅತ್ತೆ."

"ಮತ್ತೆ ಅಡುಗೆ ಮನೆಗೆ ಕಾಲಿಡದವನು ಉಪ್ಪಿನ ವಿಷಯ ಮಾತಾಡಿದ ಹಾಗಾಯ್ತು." ನನ್ನ ಮುಖ ನೋಡಿದರು. "ಗುಬ್ಬಿ ಫೋನ್ ಮಾಡಿದಾಗಿನಿಂದ ನೀನು ಸರಿ ಇಲ್ಲ. ನಂಗೆ ಒಂದು ಕಿವಿ ಹೋಗಿರ್ಬೋದು, ಕಣ್ಣೆರಡೂ ಇದೆ. ಹೇಳು."

ಹೇಳಿದೆ. ಅತ್ತೆ ಟೀವಿ ಆರಿಸಿದರು. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಕಪಾಟಿನಿಂದ ಔಷಧಿಯ ಹತ್ತಿಯ ಸುರುಳಿ ತಂದು ನನ್ನ ಮುಂದಿಟ್ಟರು.

"ಇದು ಸೈನ್ಯದಲ್ಲಿ ಇರಲ್ವಾ?"

ಎಂಥಾ ಮಾತು! ಇಷ್ಟು ವರ್ಷ ಆ ಕೆಲಸ ಮಾಡಿದವಳಿಗೆ ಹೊಳೆಯದ್ದು ಒಂದು ಕಿವಿಯ ಮುದುಕಿಗೆ ಹೊಳೆಯಿತು. ತಕ್ಷಣ ಫೋನ್ ಮಾಡಿದೆ.

"ಪುಟ್ಟಿ, ನಿನ್ನ ಬಂದೂಕು ಎಲ್ಲಿದೆ?"

"ಸೀಲ್ ಮಾಡಿ ಇಟ್ಟಿದ್ದಾರೆ, ವಿಚಾರಣೆಗೆ. ಮುಟ್ಟೋ ಹಾಗಿಲ್ಲ."

"ಬೇಡ. ನಿನ್ನ ಜೊತೆಯವರ ಬಂದೂಕಿದ್ಯಲ್ಲ. ಗಾಯಕ್ಕೆ ಹಾಕೋ ಹತ್ತಿ ತಗೋ. ತೆಳ್ಳಗಿರೋ ಕಡ್ಡಿ ಒಂದು."

ಹೇಗೆ ಸುತ್ತಬೇಕು, ಎಷ್ಟು ಬಿಗಿ, ಯಾವ ಕಡೆಗೆ ತಿರುಗಿಸಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟೆ. ಅವಳಿಗೆ ಜಡೆ ಹಾಕುವುದನ್ನು ಹೇಳಿಕೊಟ್ಟದ್ದೂ ಹೀಗೇ. ನಿಧಾನ, ಎಳೀಬೇಡ, ತಾನಾಗಿ ಬರ್ಲಿ.

ಮೊದಲು ನಕ್ಕರಂತೆ ಎಲ್ಲರೂ. ಬಂದೂಕಿಗೆ ಕಿವಿ ನೋವಾ ಎಂದು ಒಬ್ಬ ಕೇಳಿದನಂತೆ. ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಫೋನ್ ಬಂತು. ಅವಳ ಪ್ಲಟೂನಿನಲ್ಲಿ ಮೂವತ್ತೆರಡು ಬಂದೂಕು ನೋಡಿದ್ದರು. ಹನ್ನೊಂದರಲ್ಲಿ ಹತ್ತಿ ಕಚ್ಚಿಕೊಂಡಿತ್ತು. ಹನ್ನೊಂದರಲ್ಲಿ ಒಂಬತ್ತಕ್ಕೆ ಜೋಡಿ ಚಂದ್ರ.

"ಈಗ ಯಾರೂ ನಗ್ತಿಲ್ಲ ಅಮ್ಮ" ಎಂದಳು. "ಆದ್ರೆ ವಿಚಾರಣೆಯ ಸಾಹೇಬರಿಗೆ ಹೇಳಿದ್ರೆ, ಹತ್ತಿ ಗಿತ್ತಿ ಎಲ್ಲ ಯಾವ ಪುಸ್ತಕದಲ್ಲಿದೆ ಅಂತ ಕೇಳಿದ್ರು. ಕಾರ್ಖಾನೆಯವರು ಪಾಸ್ ಮಾಡಿದ್ದಾರೆ, ಗುರುತಿದೆ, ಮುಗೀತು ಅಂತಾರೆ."

ಅಂದರೆ ನನ್ನ ಮಗಳ ಕುತ್ತಿಗೆಗೆ ಬಿದ್ದ ಹಗ್ಗ ನನ್ನ ಚಂದ್ರವೇ. ಅದು ನನ್ನ ಏಟಲ್ಲ ಎಂದು ನಾನು ಹೇಳಿದರೆ ಮಾತ್ರ ಬಿಚ್ಚುತ್ತದೆ. ಹೇಳಿದರೆ ಪಂಚ್ ಬೀಗದೊಳಗೆ ಇಡದ ತಪ್ಪಿಗೆ ನನ್ನ ಕೆಲಸ ಹೋಗುತ್ತದೆ. ಹೋಗಲಿ. ಆ ಲೆಕ್ಕ ನಾನು ಬಸ್ಸು ಹತ್ತುವ ಮೊದಲೇ ಮುಗಿಸಿದ್ದೆ.

ಆದರೂ ಆ ಮೂರು ದಿನ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತು ರೈಫಲ್ ಆರಿಸಿದೆ. ಸುಮ್ಮನೆ ಅಲ್ಲ, ಹಿಂದೆಂದೂ ಆರಿಸದಷ್ಟು ಚೆನ್ನಾಗಿ. ಆಗ್ಲಿಬಿಡಪ್ಪ ಎರಡು ಸಲ ಬಂದು ಇಣುಕಿ ಸಮಾಧಾನದಿಂದ ಹೋದರು. ಹೆಂಗಸು, ಅತ್ತು ಸುಮ್ಮನಾದಳು ಎಂದುಕೊಂಡಿರಬೇಕು.

ಗುರುವಾರ ಸಮಿತಿ ಬಂತು. ಮುಂದೆ ಒಬ್ಬರು ನಿವೃತ್ತ ಜನರಲ್, ಬೆಳ್ಳಗಿನ ಮೀಸೆ. ಪಕ್ಕದಲ್ಲಿ ಕನ್ನಡಕದ ಒಬ್ಬರು ಮೇಡಂ, ಕೈಯಲ್ಲಿ ಬರೆಯುವ ಹಲಗೆ. ಹಿಂದೆ ನಮ್ಮ ಕಾರ್ಖಾನೆಯ ದೊಡ್ಡವರೆಲ್ಲ ಇಸ್ತ್ರಿ ಮಾಡಿದ ಅಂಗಿಯಲ್ಲಿ. ತೆರೆದ ಹಸಿರು ಪೆಟ್ಟಿಗೆಯಲ್ಲಿ ಇಪ್ಪತ್ತು ರೈಫಲ್ ಮಲಗಿದ್ದವು, ಎಣ್ಣೆಯ ಮಿಂಚಿನಲ್ಲಿ. ಆಗ್ಲಿಬಿಡಪ್ಪ ಕಾಗದ ನನ್ನ ಮುಂದಿಟ್ಟರು. ಸಾಲಿನಿಂದ ಬಂದ ಹಾಗೆ ಎತ್ತಿಕೊಂಡದ್ದು ಎಂದು ಬರೆದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಇದು ಸುಳ್ಳು" ಎಂದೆ.

ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. "ಇದು ಸುಳ್ಳು ಸಾರ್. ಇವು ನಾನು ಕೈಯಾರೆ ಆರಿಸಿದ್ದು. ಹೋದ ಸಲದವನ್ನೂ ನಾನೇ ಆರಿಸಿದ್ದೆ. ಪ್ರತಿ ಸಲವೂ ಹೀಗೇ. ಸಾಲಿನಲ್ಲಿ ಬರೋ ರೈಫಲನ್ನ ನಿಮಗೆ ಒಂದು ದಿನವೂ ತೋರಿಸಿಲ್ಲ."

ಕಾರ್ಖಾನೆಯ ದೊಡ್ಡವರೊಬ್ಬರು, "ಈಕೆಗೆ ಮನೆಯಲ್ಲಿ ಸ್ವಲ್ಪ ತೊಂದರೆ..." ಎಂದು ಶುರು ಮಾಡಿದರು.

"ತೊಂದರೆ ಮನೇಲಿ ಅಲ್ಲ ಸಾರ್, ಇಲ್ಲಿ" ಎಂದು ನಾನು ಬೆಂಚು ತಟ್ಟಿದೆ. ನನ್ನ ಜೀವಮಾನದಲ್ಲಿ ನಾನು ದೊಡ್ಡವರ ಮುಂದೆ ಬೆಂಚು ತಟ್ಟಿದವಳಲ್ಲ. ಮನೆಯಲ್ಲಿ ಪಾತ್ರೆ ಕೂಡ ಕುಕ್ಕಿದವಳಲ್ಲ. "ತೋರಿಸ್ತೀನಿ ಬನ್ನಿ."

ಕಡ್ಡಿಗೆಂದು ಕೈ ಚಾಚಿದೆ. ಅದು ಆಗಲೇ ಹತ್ತಿ ಸುತ್ತಿ ನನ್ನ ಕಡೆ ಚಾಚಿತ್ತು, ನಡುಗುವ ಕೈಯಲ್ಲಿ. ಹತ್ತಿಯಕ್ಕ. ಸೋಮವಾರದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

ಪೆಟ್ಟಿಗೆಯಿಂದ ಒಂದು ರೈಫಲ್ ಎತ್ತಿ ಬೋಲ್ಟ್ ತೆಗೆದು ಹತ್ತಿ ತಿರುಗಿಸಿದೆ. ಹೋದ ಹಾಗೇ ಬಂತು, ಮೊಲ್ಲೆ ಮೊಗ್ಗಿನ ಹಾಗೆ. ಆಮೇಲೆ, ಗೇಜು ಮಾತ್ರ ಹಾಕಿ ಪಾಸಾಗಿ ನಾಳೆ ಸೈನ್ಯಕ್ಕೆ ಹೊರಡಬೇಕಿದ್ದ ರೈಫಲ್ಲುಗಳ ಸ್ಟ್ಯಾಂಡಿನ ಕಡೆ ತೋರಿಸಿ, "ನೀವೇ ಒಂದು ಎತ್ತಿಕೊಡಿ ಮೇಡಂ" ಎಂದೆ. ಅವರು ಮೂರು ಎತ್ತಿಕೊಟ್ಟರು. ಮೊದಲನೆಯದು ನುಣುಪಾಗಿತ್ತು. ಎರಡನೆಯದರಿಂದ ಕಡ್ಡಿ ಬಂದಾಗ ಹತ್ತಿ ಅರ್ಧ ಇರಲಿಲ್ಲ. ಮೂರನೆಯದರಲ್ಲೂ ಹಾಗೇ. ಬಲ್ಬು ಹಿಡಿದು ಗೂಡಿನೊಳಗೆ ತೋರಿಸಿದೆ. ಬಿಳಿ ಎಳೆಗಳು ಗೀರಿಗೆ ಸಿಕ್ಕಿ ಅಲ್ಲಾಡುತ್ತಿದ್ದವು.

ಜನರಲ್ ಬಗ್ಗಿ ಬಹಳ ಹೊತ್ತು ನೋಡಿದರು. ನೆಟ್ಟಗಾದಾಗ ಅವರ ಮುಖ ಕೆಂಪಗಿತ್ತು.

"ಸರಿ. ನಿಮ್ಮ ಅಭಿಪ್ರಾಯ ಏನು? ಈ ರೈಫಲ್ ಬದಲಾಯಿಸಬೇಕೋ, ಬೇಡವೋ? ಒಂದೇ ಮಾತಿನಲ್ಲಿ ಹೇಳಿ."

ಅದೇ ಪ್ರಶ್ನೆ. ಟೀವಿಯಲ್ಲೂ ಅದೇ, ಪೇಪರಿನಲ್ಲೂ ಅದೇ, ಇಲ್ಲೂ ಅದೇ. ತಡೆದಿಟ್ಟದ್ದೆಲ್ಲ ಕಟ್ಟೆಯೊಡೆಯಿತು.

"ಅದು ನನಗೆ ಗೊತ್ತಿಲ್ಲ ಸಾರ್. ನಿಮಗೂ ಗೊತ್ತಿಲ್ಲ. ನೀವು ಇಷ್ಟು ವರ್ಷ ಮರಳಲ್ಲಿ ಅದ್ದಿ, ನೀರಲ್ಲಿ ಅದ್ದಿ ನೋಡಿದ್ದು ಸೈನ್ಯದ ರೈಫಲ್ ಅಲ್ಲವೇ ಅಲ್ಲ. ಸೈನ್ಯದ ರೈಫಲ್ ನನ್ನ ಮಗಳ ಹತ್ತಿರ ಇತ್ತು. ಅದು ನಿಂತು ಜೊತೆಗಾರನ ಕಾಲು ಹೋಯ್ತು, ಈಗ ಅವಳ ಮೇಲೆ ವಿಚಾರಣೆ. ಹೊಸದು ತಂದ್ರೂ ಹೀಗೇ ಮೊಂಡು ರೀಮರ್‌ನಲ್ಲಿ ಕೊರೆದು, ಹೀಗೇ ನೋಡದೆ ಗುರುತು ಹೊಡೆದು, ನಿಮಗೆ ಇಪ್ಪತ್ತು ತೆಗೆದಿಟ್ರೆ ಏನು ಬಂತು? ಬದಲಾಯಿಸಿ, ಬಿಡಿ, ಅದು ದೊಡ್ಡವರ ಕೆಲಸ. ಅದಕ್ಕೆ ಮೊದಲು ಆ ಹುಡುಗಿ ತಲೆ ಮೇಲೆ ಕೂರಿಸಿರೋ ಗೂಬೆ ಇಳಿಸಿ. ಒರೆಸ್ಲಿಲ್ಲ ಅಂತೆ! ಒರೆಸಿದ್ರೆ ಹೋಗುತ್ತಾ ಇದು? ಉಜ್ಜಿ ನೋಡಿ ಸಾರ್, ನಿಮ್ಮ ಕೈಲೇ ಉಜ್ಜಿ ನೋಡಿ!"

"ವಿಚಾರಣೆ ನನ್ನ ವ್ಯಾಪ್ತಿಯಲ್ಲಿಲ್ಲ" ಎಂದರು ಜನರಲ್.

"ಕಾಲು ಹೋದ ಹುಡುಗ ಯಾರ ವ್ಯಾಪ್ತಿ ಸಾರ್?"

ಕನ್ನಡಕದ ಮೇಡಂ ಹಲಗೆಯ ಮೇಲೆ ಹೊಸ ಹಾಳೆ ತಿರುಗಿಸಿ, "ಆ ಬಂದೂಕಿನ ನಂಬರ್ ಹೇಳಿ" ಎಂದರು. ಹೇಳಿದೆ. ಆ ಮೂರು ವಾರ ಗುರುತು ಹೊಡೆದದ್ದು ನಾನಲ್ಲ, ನನ್ನ ಪಂಚ್ ಕೊಕ್ಕೆಯಲ್ಲಿತ್ತು, ಬೀಗದೊಳಗೆ ಇಡದ್ದು ನನ್ನ ತಪ್ಪು ಎಂದೂ ಹೇಳಿದೆ, ಬರೆದು ಸಹಿ ಹಾಕಿದೆ.

"ಹೊಡೆದವಳು ನಾನು" ಎಂದು ಹಿಂದಿನಿಂದ ಹತ್ತಿಯಕ್ಕ ಹೇಳಿದರು. "ನನ್ನ ಹೆಸರೂ ಬರ್ಕೊಳ್ಳಿ. ಹೊಡಿ ಅಂದವರ ಹೆಸರೂ ಬರ್ಕೊಳ್ಳಿ. ಅಗೋ, ಅಲ್ಲಿ ನಿಂತು ಬೆವರ್ತಿದ್ದಾರೆ."

ಆ ಹೊತ್ತಿನಲ್ಲೂ ಯಾರೋ ಕಿಸಕ್ಕೆಂದರು. ಆಗ್ಲಿಬಿಡಪ್ಪ ಕರ್ಚೀಫು ಹುಡುಕುತ್ತಿದ್ದರು.

ಸಮಿತಿ ನೆಂಟರ ಲೋಟದ ಪೆಟ್ಟಿಗೆ ಬಿಟ್ಟು ಸ್ಟ್ಯಾಂಡಿನಿಂದ ತಾನೇ ಇಪ್ಪತ್ತು ಎತ್ತಿಕೊಂಡು ಹೋಯಿತು. ಮರುದಿನವೇ ನಮ್ಮಿಬ್ಬರಿಗೂ ಅಮಾನತಿನ ಕಾಗದ ಬಂತು. ಆಗ್ಲಿಬಿಡಪ್ಪನಿಗೆ ಬರಲಿಲ್ಲ. ನನ್ನ ಪಂಚ್ ಕೊಡಲು ಹೋದಾಗ ಅವರು ಕೈ ಚಾಚಿ, "ಇಲ್ಲಿ ಕೊಡಿ, ಹೊಸದಾಗಿ ಬರೋರಿಗೆ ಕೊಡ್ತೀವಿ" ಎಂದರು.

"ಮಾಲೀಕರು ಬೆಂಚು ಬಿಟ್ರೆ ಗುರುತು ಉಜ್ಜಿಬಿಡಬೇಕು ಅಂತ ನಿಯಮ ಇದೆ."

"ಅದನ್ನೆಲ್ಲ ಯಾರು ಈಗ... ಆಗ್ಲಿ ಬಿಡಿ."

"ಆಗಲ್ಲ" ಎಂದೆ. "ಇನ್ನು ಆಗಲ್ಲ ಸಾರ್."

ಸಾಣೆಯ ಚಕ್ರದ ಸ್ವಿಚ್ಚು ನಾನೇ ಒತ್ತಿದೆ. ಪಂಚಿನ ತುದಿಯನ್ನು ಚಕ್ರಕ್ಕೆ ಒಡ್ಡಿ ಹಿಡಿದೆ. ಕಿಡಿ ಹಾರಿ ಮುಂಗೈ ಸುಟ್ಟಿತು, ಸರಿಸಲಿಲ್ಲ. ಇಪ್ಪತ್ತೆರಡು ವರ್ಷದ ಚಂದ್ರ ಅರ್ಧ ನಿಮಿಷದಲ್ಲಿ ಹೋಯಿತು. ಬೋಳು ಕಡ್ಡಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಬಾಗಿಲಲ್ಲಿ ಹತ್ತಿಯಕ್ಕ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದರು. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದೆವು. ಅವರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲು ಅದಕ್ಕೂ ಸಮಯ ಬೇಕು.

ಆ ಸೋಮವಾರದ ವಿಚಾರಣೆ ಒಂದು ವಾರ ಮುಂದಕ್ಕೆ ಹೋಯಿತು. ಸೀಲ್ ಒಡೆದು ಗುಬ್ಬಿಯ ಬಂದೂಕಿಗೆ ಹತ್ತಿ ಹಾಕಿದರಂತೆ. ಪುಸ್ತಕದಲ್ಲಿಲ್ಲದ ಹತ್ತಿ. ಮುಕ್ಕಾಲು ಭಾಗ ಒಳಗೇ ಉಳಿಯಿತು. ಒರೆಸಲಿಲ್ಲ ಎಂಬ ಆರೋಪ ಕೈಬಿಟ್ಟಿದ್ದೇವೆ ಎಂದು ಒಂದೂವರೆ ಸಾಲಿನ ಕಾಗದ ಕೊಟ್ಟರು. ಕ್ಷಮಿಸಿ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಆಮೇಲಿನ ಭಾನುವಾರ ಅವಳ ಫೋನ್ ಬಂದಾಗ ಸ್ಪೀಕರ್ ಹಾಕಿದೆ. ಅತ್ತೆ ಕೇಳುವ ಕಿವಿಯನ್ನು ಮುಂದೆ ತಂದರು.

"ಉದ್ದಣ್ಣನ್ನ ನೋಡಿ ಬಂದೆ ಅಮ್ಮ. ಗಾಲಿಕುರ್ಚೀಲಿ ಕೂತು, ಇನ್ಮೇಲೆ ಬಾಗಿಲಿಗೆ ಬಗ್ಗಬೇಕಾಗಿಲ್ಲ ಅಂತ ತಮಾಷೆ ಮಾಡ್ತಾನೆ. ನಂಗೆ ನಗೋಕೆ ಆಗ್ಲಿಲ್ಲ."

"ನಗಬೇಡ. ಪಕ್ಕದಲ್ಲಿ ಕೂತ್ಕೋ, ಸಾಕು."

"ಮತ್ತೆ, ಇಲ್ಲೆಲ್ಲ ಸುದ್ದಿ. ಹಳೇದು ತೆಗೀತಾರಂತೆ. ಹೊಸ ರೈಫಲ್ ಬರುತ್ತಂತೆ, ತುಂಬಾ ಚೆನ್ನಾಗಿದ್ಯಂತೆ. ಪರೀಕ್ಷೆಲಿ ಒಂದು ಸಲವೂ ನಿಲ್ಲಲಿಲ್ವಂತೆ."

ಅತ್ತೆ ನನ್ನ ಮುಖ ನೋಡಿದರು. ನಾನು ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡು ಫೋನ್ ಹತ್ತಿರಕ್ಕೆ ತೆಗೆದುಕೊಂಡೆ.

"ಬರ್ಲಿ ಪುಟ್ಟಿ" ಎಂದೆ. "ಬಂದ ದಿನಾನೇ ಹತ್ತಿ ಹಾಕಿ ನೋಡು."